ಹರಿದ ಸ್ಪೀಕರಿನ ಚರಿತ್ರೆ

ನಮ್ಮೂರ ಜಾತ್ರೆಗೆ ಮೈಕ್‌ಸೆಟ್ ಹಾಕ್ತಿದ್ದ ಅಜ್ಜನ ಹತ್ತಿರ ಗಾಜಿನ ವಾಲ್ವು ಉರಿಯುವ ಹಳೇ ಆಂಪ್ಲಿಫೈಯರ್ ಒಂದಿತ್ತು. ಸ್ವಿಚ್ ಹಾಕಿದ ತಕ್ಷಣ ಅದು ಮಾತಾಡ್ತಿರಲಿಲ್ಲ. ಒಳಗೆ ಕೆಂಡದ ಬಣ್ಣ ಬಂದು ಅರ್ಧ ನಿಮಿಷ ಆದಮೇಲೆ ಗುಂಯ್ ಅಂತ ಎಚ್ಚರವಾಗೋದು. ತೆಂಗಿನ ಮರಕ್ಕೆ ಕಟ್ಟಿದ ಹಾರ್ನಿನ ಒಳಗೆ ಎಲ್ಲೋ ಒಂದು ಕಡೆ ಬಿರುಕು. ಹಾಗಾಗಿ ಬೆಳಗಿನ ಜಾವದ ಸುಪ್ರಭಾತವೂ ಗಂಟಲು ಕಟ್ಟಿದವರು ಹಾಡಿದ ಹಾಗೆ ಗರಗರ ಅನ್ನೋದು. ಪಟ್ಟಣಕ್ಕೆ ಬಂದು, ಬಿಇ ಮುಗಿಸಿ, ಹಾಸ್ಟೆಲ್ ರೂಮ್‌ಮೇಟ್ ಒಬ್ಬನ ಹೆಡ್‌ಫೋನಿನಲ್ಲಿ ಮೊದಲ ಸಲ ಎಲೆಕ್ಟ್ರಿಕ್ ಗಿಟಾರ್ ಕೇಳಿದಾಗ ನನಗೆ ಅನ್ನಿಸಿದ್ದು ಒಂದೇ: ಅರೆ, ಇದು ನಮ್ಮ ಮೈಕ್‌ಸೆಟ್ ದನಿಯಲ್ವಾ!

ಈಗ ನನ್ನ ಬೆಂಗಳೂರಿನ ಎರಡು ರೂಮಿನ ಮನೆಯಲ್ಲಿ ಗಿಟಾರ್ ಇದೆ, ಆಂಪ್ಲಿಫೈಯರ್ ಇಲ್ಲ. ಅದರ ಬದಲು ಒಂದು ಆಂಪ್ ಪ್ರೊಫೈಲರ್ ಇದೆ. ಪ್ರೊಫೈಲರ್ ಅಂದ್ರೆ ನಿಜವಾದ ಆಂಪ್ಲಿಫೈಯರ್ ಒಂದರ ಗುಣವನ್ನು ಅಳೆದು, ಅದೇ ಥರ ನಡೆದುಕೊಳ್ಳುವ ಡಿಜಿಟಲ್ ನಕಲನ್ನು ಇಟ್ಟುಕೊಳ್ಳುವ ಯಂತ್ರ. ಕೊಂಡ ಮೇಲೆ ಮೊದಲ ವಾರ ಪೂರ್ತಿ ಗುಬ್ಬಿ ತಿರುಗಿಸುತ್ತಾ ಕೂತೆ. ಎರಡನೇ ವಾರ ಇದು ಎಲ್ಲಿಂದ ಬಂತು ಅಂತ ಓದೋಕೆ ಶುರು ಮಾಡಿದೆ. ಓದಿದಷ್ಟೂ ಮಜಾ ಬಂತು. ಯಾಕಂದ್ರೆ ಇಷ್ಟೊಂದು ಜಾಣ ಎಂಜಿನಿಯರುಗಳು ಸೇರಿ ನಕಲು ಮಾಡಲು ಹೊರಟಿದ್ದು ಕೆಟ್ಟುಹೋದ ಸಾಮಾನುಗಳ ಸದ್ದನ್ನು.

1951ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ, ಸ್ಯಾಮ್ ಫಿಲಿಪ್ಸ್ ಎಂಬಾತನ ಸ್ಟುಡಿಯೋಗೆ ಐಕ್ ಟರ್ನರ್ ತಂಡ ಬಂತು. ಗಿಟಾರಿಸ್ಟ್ ವಿಲ್ಲಿ ಕಿಝಾರ್ಟ್‌ನ ಆಂಪ್ಲಿಫೈಯರ್ ದಾರಿಯಲ್ಲೇ ಪೆಟ್ಟು ತಿಂದಿತ್ತು. ಕಾರಿನಿಂದ ಬಿತ್ತು ಅಂತ ಒಂದು ಕಥೆ, ಮಳೆಯಲ್ಲಿ ನೆನೆಯಿತು ಅಂತ ಇನ್ನೊಂದು. ಸ್ಪೀಕರಿನ ಕೋನ್ ಹಾಳಾಗಿತ್ತು. ಬೇರೆ ತರಿಸುವಷ್ಟು ಪುರುಸೊತ್ತಿಲ್ಲ. ಕಾಗದ ತುರುಕಿ ಹಾಗೇ ರೆಕಾರ್ಡ್ ಮಾಡಿದರು. 'ರಾಕೆಟ್ 88' ಹಾಡಿನ ಗಿಟಾರ್ ಗುರುಗುಟ್ಟುವುದು ಅದೇ ಕಾರಣಕ್ಕೆ. 1958ರಲ್ಲಿ ಲಿಂಕ್ ರೇ ತನ್ನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿ 'ರಂಬಲ್' ನುಡಿಸಿದ. ಅದರಲ್ಲಿ ಒಂದು ಪದವೂ ಇಲ್ಲ, ಆದರೂ ಹುಡುಗರನ್ನು ಹಾದಿ ತಪ್ಪಿಸುತ್ತೆ ಅಂತ ಕೆಲವು ರೇಡಿಯೋ ಕೇಂದ್ರಗಳು ಅದನ್ನು ಹಾಕಲಿಲ್ಲ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರ್ ಕೊಯ್ದ. ಆಗ ಅವನಿಗೆ 17 ವರ್ಷ. ಮನೆಯಲ್ಲಿ ಯಾರೂ ಬೈಯಲಿಲ್ವಾ ಅನ್ನೋದು ನನ್ನ ಅನುಮಾನ.

ಇದರ ಹಿಂದಿರೋದು ಸರಳ ಭೌತಶಾಸ್ತ್ರ. ವಾಲ್ವಿಗೆ ಅದು ತಡೆಯುವುದಕ್ಕಿಂತ ದೊಡ್ಡ ಸಿಗ್ನಲ್ ಕೊಟ್ಟರೆ ಅಲೆಯ ತಲೆ ಚಪ್ಪಟೆಯಾಗುತ್ತೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಕಂಪನದ ಸ್ವರಗಳೂ ಹುಟ್ಟುತ್ತವೆ. ಎಂಜಿನಿಯರ್ ಪುಸ್ತಕದಲ್ಲಿ ಇದರ ಹೆಸರು ಡಿಸ್ಟಾರ್ಷನ್, ಅಂದ್ರೆ ದೋಷ. ಒಳ್ಳೇ ವಾಲ್ವ್ ಆಂಪಿನಲ್ಲಿ ಈ ಚಪ್ಪಟೆ ಒಮ್ಮೆಗೇ ಆಗಲ್ಲ, ಮೆಲ್ಲಗೆ ಆಗುತ್ತೆ. ತಂತಿಯನ್ನು ಮೆಲ್ಲಗೆ ಮೀಟಿದರೆ ತಿಳಿ ನೀರು, ಜೋರಾಗಿ ಮೀಟಿದರೆ ಕೆಸರು. ಗಿಟಾರಿಸ್ಟುಗಳು ಪ್ರಾಣ ಬಿಡೋದು ಈ ನಡುವಿನ ದಾರಿಗೆ.

ಮಾರ್ಷಲ್ ಕಥೆ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಜಿಮ್ ಮಾರ್ಷಲ್ ಗಿಟಾರಿಸ್ಟ್ ಅಲ್ಲ, ಡ್ರಮ್ಸ್ ಮೇಷ್ಟ್ರು. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಅಂಗಡಿ ಇಟ್ಟಿದ್ದರು. ಅಮೆರಿಕದ ಫೆಂಡರ್ ಆಂಪುಗಳು ಅಲ್ಲಿನ ಹುಡುಗರ ಕೈಗೆ ಎಟುಕದಷ್ಟು ದುಬಾರಿ. ಹಾಗಾಗಿ 1962ರ ಸುಮಾರಿಗೆ ಮಾರ್ಷಲ್, ಕೆನ್ ಬ್ರಾನ್, ಡಡ್ಲಿ ಕ್ರೇವನ್ ಸೇರಿ ಫೆಂಡರ್ ಬೇಸ್‌ಮನ್ ಆಂಪಿನ ಸರ್ಕ್ಯೂಟನ್ನು ಹೆಚ್ಚುಕಮ್ಮಿ ಹಾಗೇ ಇಳಿಸಿದರು. ಆದರೆ ಬಿಡಿಭಾಗಗಳು ಬ್ರಿಟನ್ನಿನವು. ಮೊದಲ ಹಂತಕ್ಕೆ ಇಸಿಸಿ83 ವಾಲ್ವು, ಕೊನೆಯ ಹಂತಕ್ಕೆ ಸ್ವಲ್ಪ ಕಾಲದ ನಂತರ ಕೆಟಿ66. ಹಿಂಬದಿ ತೆರೆದ, 10 ಇಂಚಿನ ನಾಲ್ಕು ಸ್ಪೀಕರಿನ ಪೆಟ್ಟಿಗೆಯ ಬದಲು, ಹಿಂಬದಿ ಮುಚ್ಚಿದ, 12 ಇಂಚಿನ ನಾಲ್ಕು ಸ್ಪೀಕರಿನ ಪೆಟ್ಟಿಗೆ. ಜೆಟಿಎಂ45 ಅಂತ ಹೆಸರಿಟ್ಟರು. ನಕಲು ಹಾಗೆಯೇ ಬರಲಿಲ್ಲ, ಬೇರೆಯೇ ಬಂತು. ಬೇಗ ಕೆಸರಾಗುವ, ಒರಟು ದನಿ. ಆ ತಪ್ಪು ನಕಲಿನ ಮೇಲೇ ಬ್ರಿಟನ್ನಿನ ಅರ್ಧ ರಾಕ್ ಸಂಗೀತ ನಿಂತಿದೆ ಅಂದ್ರೆ ಉತ್ಪ್ರೇಕ್ಷೆ ಏನಲ್ಲ. ಇಂದಿನ ಪ್ರೊಫೈಲರುಗಳ ಜಾಹೀರಾತಿನಲ್ಲಿ "ವ್ಯತ್ಯಾಸವೇ ಗೊತ್ತಾಗಲ್ಲ" ಅಂತ ಓದಿದಾಗೆಲ್ಲ ನನಗೆ ಜಿಮ್ ಮಾರ್ಷಲ್ ನೆನಪಾಗ್ತಾರೆ. ಅವತ್ತು ಇಂಥ ಯಂತ್ರ ಅವರ ಹತ್ತಿರ ಇದ್ದಿದ್ದರೆ ಮಾರ್ಷಲ್ ಹುಟ್ಟುತ್ತಲೇ ಇರಲಿಲ್ಲ.

ಆದರೆ ಈ ದನಿ ಬರಬೇಕಾದ್ರೆ ಆಂಪನ್ನು ಕಿವಿ ಕಿತ್ತುಹೋಗುವಷ್ಟು ಜೋರಾಗಿ ಓಡಿಸಬೇಕು. ಮನೆಯಲ್ಲಿ ಸಾಧ್ಯವಿಲ್ಲ. ಇದಕ್ಕೆ ದಾರಿ ಹುಡುಕಿದವರಲ್ಲಿ ನನಗೆ ಇಷ್ಟವಾದವರು ಟಾಮ್ ಶೋಲ್ಜ್. ಎಂಐಟಿಯಲ್ಲಿ ಮೆಕ್ಯಾನಿಕಲ್ ಓದಿ, ಪೋಲರಾಯ್ಡ್ ಕಂಪನಿಯಲ್ಲಿ ಕೆಲಸ ಮಾಡ್ತಾ, ರಾತ್ರಿ ಮನೆಯ ನೆಲಮಾಳಿಗೆಯಲ್ಲಿ ಹಾಡು ಕಟ್ಟಿದವರು. ಹಾಗೆ ಬಂದದ್ದು 1976ರ 'ಬಾಸ್ಟನ್' ಆಲ್ಬಮ್. 1982ರಲ್ಲಿ ಅವರೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಡ್‌ಫೋನಿನಲ್ಲಿ ನುಡಿಸಬಹುದಾದ ರಾಕ್‌ಮನ್ ತಂದರು. ಆಫೀಸು ಮುಗಿಸಿ ರಾತ್ರಿ ಗಿಟಾರ್ ಹಿಡಿಯುವ ನಮ್ಮಂಥವರ ಕುಲಗುರು ಅನ್ನಬಹುದು. 1989ರಲ್ಲಿ ಸ್ಯಾನ್ಸ್‌ಆಂಪ್ ಬಂತು, 1998ರಲ್ಲಿ ಲೈನ್ 6 ಕಂಪನಿಯ ಕಿಡ್ನಿ ಆಕಾರದ ಕೆಂಪು ಪಾಡ್. ಪಾಡ್ ಮಾಡಿದ್ದು ಮಾಡೆಲಿಂಗ್. ಅಂದ್ರೆ ಎಂಜಿನಿಯರುಗಳು ಒಂದೊಂದು ಆಂಪನ್ನೂ ಅಧ್ಯಯನ ಮಾಡಿ ಅದರ ವರ್ತನೆಗೆ ಕೋಡ್ ಬರೆಯೋದು. ಯಾವ ಆಂಪು ಬೇಕು ಅಂತ ಕಂಪನಿ ತೀರ್ಮಾನಿಸಬೇಕು, ನಾವು ಕಾಯಬೇಕು.

ಕ್ರಿಸ್ಟೋಫ್ ಕೆಂಪರ್ ಈ ಕೀಲಿಯನ್ನು ನುಡಿಸುವವರ ಕೈಗೇ ಕೊಟ್ಟರು. ಜರ್ಮನಿಯ ಈ ಮನುಷ್ಯ ಅದಕ್ಕೆ ಮುಂಚೆ, 1997ರಲ್ಲಿ, ವೈರಸ್ ಎಂಬ ಸಿಂಥಸೈಜರ್ ಮಾಡಿ ಹೆಸರಾಗಿದ್ದವರು. 2011ರಲ್ಲಿ ತೋರಿಸಿದ ಅವರ ಪ್ರೊಫೈಲರ್ ನೋಡೋಕೆ ಹಳೇ ಬ್ರೆಡ್ ಟೋಸ್ಟರಿನ ಥರ ಇತ್ತು, ಜನ ಹಾಗೇ ಕರೆದರು ಕೂಡ. ನಿಮ್ಮ ಆಂಪಿಗೆ ಅದು ಒಂದಿಷ್ಟು ವಿಚಿತ್ರ ಸದ್ದುಗಳನ್ನು ಕಳಿಸುತ್ತೆ, ಡಯಲ್‌ಅಪ್ ಮೋಡೆಮ್‌ಗೆ ಜ್ವರ ಬಂದ ಹಾಗೆ. ಸ್ಪೀಕರಿನ ಮುಂದಿಟ್ಟ ಮೈಕಿನಿಂದ ವಾಪಸ್ ಬಂದದ್ದನ್ನು ಕೇಳಿ, ಕೊಟ್ಟದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸದಿಂದ ಪ್ರೊಫೈಲ್ ಕಟ್ಟುತ್ತೆ. ಕೊನೆಗೆ ನೀವೇ ಸ್ವಲ್ಪ ನುಡಿಸಿ ಅದನ್ನು ತಿದ್ದಬಹುದು.

ಇದು ಯಾಕೆ ಕಷ್ಟ? ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿ, ಮರುದನಿಯನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳಿ. ಆ ಒಂದು ರೆಕಾರ್ಡಿಂಗ್ ಇದ್ದರೆ ಸಾಕು, ಯಾರ ದನಿಯನ್ನು ಬೇಕಾದರೂ ಗುಮ್ಮಟದೊಳಗೆ ಹಾಡಿದಂತೆ ಕೇಳಿಸಬಹುದು. ಗುಮ್ಮಟ ಮೆಲ್ಲಗಿನ ದನಿಗೂ ಜೋರು ದನಿಗೂ ಒಂದೇ ನ್ಯಾಯ ಮಾಡುತ್ತೆ. ಸ್ಪೀಕರ್ ಪೆಟ್ಟಿಗೆಯೂ ಬಹುಮಟ್ಟಿಗೆ ಹಾಗೇ. ವಾಲ್ವ್ ಆಂಪು ಹಾಗಲ್ಲ, ಎಷ್ಟು ಜೋರಾಗಿ ಕೇಳಿದಿರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಅದಕ್ಕೇ ಒಂದು ಚಪ್ಪಾಳೆ ಸಾಲದು.

ಈಗ ದುಡ್ಡಿಲ್ಲದೆಯೂ ಶುರು ಮಾಡಬಹುದು. ಸ್ಟೀವನ್ ಆಟ್ಕಿನ್ಸನ್ ಬರೆದ ನ್ಯೂರಲ್ ಆಂಪ್ ಮಾಡೆಲರ್ ಓಪನ್ ಸೋರ್ಸ್. ಗಿಟಾರ್ ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪ್, ಹೆಡ್‌ಫೋನ್ ಇದ್ದರೆ ಬೇರೆಯವರು ಮಾಡಿಟ್ಟ ಪ್ರೊಫೈಲುಗಳನ್ನು ಇವತ್ತೇ ನುಡಿಸಬಹುದು. ಇನ್‌ಪುಟ್ ಮಟ್ಟ ಕೆಂಪಿಗೆ ಹೋಗದ ಹಾಗೆ ನೋಡಿಕೊಳ್ಳಿ. ಅಲ್ಲಿ ಆಗುವ ಡಿಸ್ಟಾರ್ಷನ್ ಮಾತ್ರ ನಿಜಕ್ಕೂ ದರಿದ್ರ. ನೀವೇ ಆಂಪು ಹಿಡಿಯೋದಾದರೆ ಅವರು ಕೊಡುವ ಕೆಲವು ನಿಮಿಷದ ಸಿಗ್ನಲನ್ನು ರೀಆಂಪ್ ಬಾಕ್ಸ್ ಮೂಲಕ ಆಂಪಿಗೆ ಕಳಿಸಿ, ಬಂದದ್ದನ್ನು ರೆಕಾರ್ಡ್ ಮಾಡಿ, ತರಬೇತಿಗೆ ಕೊಟ್ಟರಾಯಿತು. ಸ್ಪೀಕರ್ ಅಥವಾ ಲೋಡ್ ಬಾಕ್ಸ್ ಸಿಕ್ಕಿಸದೆ ವಾಲ್ವ್ ಆಂಪ್ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಮತ್ತೆ ಹಿಡಿಯೋದು ಗುಬ್ಬಿಗಳ ಆ ಒಂದು ಸ್ಥಿತಿಯನ್ನು ಮಾತ್ರ. ಅದು ಫೋಟೋ, ಮನುಷ್ಯ ಅಲ್ಲ.

ಹೋದ ದೀಪಾವಳಿಗೆ ಊರಿಗೆ ಹೋಗುವಾಗ ಇವನ್ನೆಲ್ಲ ಬ್ಯಾಗಿಗೆ ತುಂಬಿಕೊಂಡೆ. ಅಜ್ಜನ ಅಟ್ಟದ ಮೇಲಿನ ಆಂಪನ್ನು ಹಿಡಿಯಬೇಕು ಅಂತ ಆಸೆ. ಪೆಟ್ಟಿಗೆ ಏನೋ ಇತ್ತು. ಒಳಗೆ ವಾಲ್ವುಗಳ ಜಾಗ ಖಾಲಿ. ಟ್ರಾನ್ಸ್‌ಫಾರ್ಮರನ್ನು ತಾಮ್ರಕ್ಕೆ ಅಂತ ಗುಜರಿಯವನಿಗೆ ಕೊಟ್ಟು ಎರಡು ವರ್ಷ ಆಗಿತ್ತಂತೆ. ಹಾರ್ನ್ ಮಾತ್ರ ಉಳಿದಿತ್ತು. ಬಿಡಲು ಮನಸ್ಸಾಗಲಿಲ್ಲ. ಅವರ ಮಗನ ಹೊಸ ಟ್ರಾನ್ಸಿಸ್ಟರ್ ಆಂಪಿಗೆ ಹಾರ್ನ್ ಸಿಕ್ಕಿಸಿ, ಅಂಗಳದಲ್ಲಿ ಮೈಕ್ ಇಟ್ಟು ಸಿಗ್ನಲ್ ಓಡಿಸಿದೆ. ಕೀಚ್ ಕೀಚ್ ಸದ್ದಿಗೆ ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವು. ಇಂಥ ತರಬೇತಿಯಲ್ಲಿ ತಪ್ಪಿನ ಅಂಕ 0.01ರ ಒಳಗೆ ಬಂದರೆ ಚೆನ್ನಾಗಿದೆ ಅಂತ ಲೆಕ್ಕ. ನನಗೆ ಬಂದದ್ದು 0.3. ಬಿರುಕಿನ ಗರಗರ ಒಂದು ಸಲದ ಹಾಗೆ ಇನ್ನೊಂದು ಸಲ ಇರಲಿಲ್ಲ, ಪಾಪ ಸಾಫ್ಟ್‌ವೇರ್ ಏನು ಕಲಿಯುತ್ತೆ?

ಆದರೂ ಸುಪ್ರಭಾತವನ್ನು ಅದರೊಳಗೆ ಹಾಯಿಸಿ ಅಜ್ಜನ ಕಿವಿಗೆ ಹೆಡ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದು, ಅದನ್ನೊಮ್ಮೆ ತಿರುಗಿಸಿ ನೋಡಿ, "ಹಾರ್ನೇನೋ ನಮ್ದೇ ಕಣಪ್ಪಾ. ಆದ್ರೆ ಇದು ಕೆರೆ ಏರಿ ದಾಟಲ್ಲ" ಅಂದರು.