ಎಡೆದೊರೆಯ ಬೇಸಿಗೆ ಗೂಡುಗಳು

ಯುಗಾದಿ ಕಳೆದು ಬಿಸಿಲು ಏರತೊಡಗಿದರೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ನಡುಹಗಲಿನ ಹೊತ್ತು ಹೊಲದ ಕಡೆ ಹೋಗುವವರು ವಿರಳ. ಉಷ್ಣಾಂಶ ನಲವತ್ತು ಡಿಗ್ರಿ ದಾಟುತ್ತದೆ. ಎರೆ ನೆಲ ಬಾಯಿ ಬಿಡುತ್ತದೆ. ಮನುಷ್ಯರೂ ದನಕರುಗಳೂ ನೆರಳು ಹುಡುಕುವ ಇದೇ ದಿನಗಳಲ್ಲಿ, ಬಟ್ಟಬಯಲಿನಲ್ಲಿ ಯಾವ ಮರೆಯೂ ಇಲ್ಲದೆ ನೆಲದ ಮೇಲೆ ಮೊಟ್ಟೆಯಿಟ್ಟು ಕಾವಿಗೆ ಕೂರುವ ಹಕ್ಕಿಗಳಿವೆ. ಮೇಲ್ನೋಟಕ್ಕೆ ಇದು ಅವಿವೇಕವೆನಿಸಬಹುದು. ಆದರೆ ಈ ನಡತೆಯ ಹಿಂದೆ ಇಲ್ಲಿನ ಮಳೆ, ಬೆಳೆ ಮತ್ತು ಬೇಸಾಯದ ದೀರ್ಘ ಚರಿತ್ರೆಯೇ ಇದೆ. ಕಳೆದ ಎಪ್ಪತ್ತು ವರ್ಷಗಳಲ್ಲಿ ಆ ಚರಿತ್ರೆ ಹಿಡಿದ ತಿರುವು ಗೂಡುಗಳ ಮೇಲೂ ತನ್ನ ಗುರುತು ಮೂಡಿಸಿದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದು ಇದರ ಅರ್ಥ. ಮುಂದೆ ಇದೇ ರಾಯಚೂರು ದೋಆಬ್ ಎಂದು ಹೆಸರಾಯಿತು. ಇದಕ್ಕಾಗಿ ವಿಜಯನಗರದ ಅರಸರೂ ಬಹಮನಿ ಮತ್ತು ಬಿಜಾಪುರದ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಮತ್ತು ಜಲದುರ್ಗದ ಕೋಟೆಗಳು ಆ ಕಾಲದ ಸಾಕ್ಷಿಗಳು. ಎರಡೂ ಬದಿಯಲ್ಲಿ ಹೊಳೆ ಹರಿದರೂ ನಡುವಿನ ಹೊಲಕ್ಕೆ ಮಳೆಯೇ ಗತಿ ಎಂಬುದು ಈ ನಾಡಿನ ವೈಚಿತ್ರ್ಯವಾಗಿತ್ತು.

ಖಾಲಿ ಹೊಲದ ಮೂರು ತಿಂಗಳು

ಎರೆ ಭೂಮಿಯ ಹಳೆಯ ಬೇಸಾಯ ಹಿಂಗಾರಿ ಮಳೆಯನ್ನು ನಂಬಿದ್ದು. ಮಳೆಗಾಲದ ಕೊನೆಯಲ್ಲಿ ಬಿತ್ತಿದ ಬಿಳಿಜೋಳ ಚಳಿಗಾಲದ ಇಬ್ಬನಿಯಲ್ಲೇ ಬೆಳೆದು ಶಿವರಾತ್ರಿಯ ಆಸುಪಾಸಿಗೆ ಕೊಯ್ಲಿಗೆ ಬರುತ್ತಿತ್ತು. ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ಕವಣೆ ಬೀಸಿ ಹಕ್ಕಿ ಕಾಯುವುದು ಮನೆಮಂದಿಯ ಕೆಲಸ. ಆಗ ದಂಡುಗಟ್ಟಿ ಬರುತ್ತಿದ್ದ ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯಾದ ಕಡೆಯ ಚಳಿಗಾಲದ ಅತಿಥಿಗಳು. ಬೇಸಿಗೆ ಬಲಿಯುವ ವೇಳೆಗೆ ಅವು ತಮ್ಮ ನಾಡಿಗೆ ಮರಳುತ್ತವೆ. ತುಂಗಭದ್ರೆಯ ಹಿನ್ನೀರಿಗೂ ಕೆರೆಗಳಿಗೂ ಬರುವ ಪಟ್ಟೆತಲೆಯ ಹೆಬ್ಬಾತು, ಚಕ್ರವಾಕಗಳೂ ಅಷ್ಟೆ. ಅತಿಥಿಗಳು ಹೊರಟ ಮೇಲೆ ಊರಿನ ಹಕ್ಕಿಗಳ ಸಂಸಾರ ಆರಂಭವಾಗುತ್ತದೆ.

ಜೋಳ ಕೊಯ್ದ ಹೊಲ ಮುಂಗಾರಿನ ಹರಗುವ ಕೆಲಸ ಶುರುವಾಗುವವರೆಗೆ ಸುಮಾರು ಮೂರು ತಿಂಗಳು ಖಾಲಿ ಬಿದ್ದಿರುತ್ತಿತ್ತು. ಅಲ್ಲಿ ನೇಗಿಲಿಲ್ಲ, ನೀರಿಲ್ಲ, ಆಳುಕಾಳುಗಳ ಓಡಾಟವೂ ಕಡಿಮೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗೆ ಬೇಕಾದದ್ದು ಈ ಬಿಡುವೇ. ಬರಿ ನೆಲದಲ್ಲಿ ಕಳ್ಳಹೆಜ್ಜೆಯ ನರಿಯನ್ನೋ ಮುಂಗುಸಿಯನ್ನೋ ದೂರದಿಂದಲೇ ಕಾಣಬಹುದು. ಮಳೆ ಬರುವ ಮೊದಲೇ ಮರಿ ಹೊರಬಂದರೆ ಮೊಟ್ಟೆ ನೀರಿನಲ್ಲಿ ಕೊಚ್ಚಿಹೋಗುವ ಭಯವಿಲ್ಲ. ಮೊದಲ ಮಳೆಗೆ ಏಳುವ ಹುಳುಹುಪ್ಪಟೆ ಬೆಳೆಯುವ ಮರಿಗಳಿಗೆ ಆಹಾರವಾಗುತ್ತದೆ. ಬೇಸಿಗೆಯ ಗೂಡು ಹಕ್ಕಿಯ ಅವಿವೇಕವಲ್ಲ, ಲೆಕ್ಕಾಚಾರ.

ಈ ಲೆಕ್ಕವನ್ನು ಚೆನ್ನಾಗಿ ಬಲ್ಲದ್ದು ಹಳದಿ ಟಿಟ್ಟಿಭ. ಕಣ್ಣಿನ ಮುಂದೆ ಹಳದಿ ತೊಗಲು ಜೋತುಬಿದ್ದ, ನೀಳಗಾಲಿನ ಈ ಹಕ್ಕಿ ಹೊಲದ ಹೆಂಟೆಗಳ ನಡುವೆ ಸಣ್ಣ ಗುಳಿ ಮಾಡಿ ನಾಲ್ಕು ಮೊಟ್ಟೆಯಿಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆಗಳು ಕಾಲಬುಡದಲ್ಲಿದ್ದರೂ ಕಣ್ಣಿಗೆ ಬೀಳುವುದು ಕಷ್ಟ. ಸುಮಾರು ನಾಲ್ಕು ವಾರಗಳ ಕಾವಿನಲ್ಲಿ ಮೊಟ್ಟೆಯನ್ನು ಬೆಚ್ಚಗಿಡುವುದಕ್ಕಿಂತ ತಂಪಾಗಿಡುವುದೇ ದೊಡ್ಡ ಕೆಲಸ. ಬಿಸಿಲೇರಿದಾಗ ತಾಯಿಯೋ ತಂದೆಯೋ ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುತ್ತವೆ. ಹತ್ತಿರದ ನೀರಿನಲ್ಲಿ ಎದೆಹೊಟ್ಟೆಯ ಗರಿ ತೊಯ್ಸಿಕೊಂಡು ಬಂದು ಕೂರುತ್ತವೆ.

ಕಲ್ಲುಗೌಜಲದ್ದು ಇನ್ನೂ ಸೋಜಿಗದ ಕಥೆ. ಕುರುಚಲು ಬಯಲಿನ ಈ ಹಕ್ಕಿಯ ಗಂಡು ನೀರಿನ ತಾಣಕ್ಕೆ ಹಾರಿ, ಹೊಟ್ಟೆಯ ಗರಿಗಳಲ್ಲಿ ನೀರು ಹೀರಿಕೊಂಡು ದೂರದ ಮರಿಗಳಿಗೆ ಹೊತ್ತು ತರುತ್ತದೆ. ಮರಿಗಳು ಆ ಗರಿಗಳನ್ನು ಚೀಪಿ ದಾಹ ತೀರಿಸಿಕೊಳ್ಳುತ್ತವೆ. ಈ ಕುಲದ ಹಕ್ಕಿಗಳನ್ನು ಸಾಕಿದ್ದ ಇಂಗ್ಲೆಂಡಿನ ಮೀಡ್-ವಾಲ್ಡೊ ಇದನ್ನು 1896ರಲ್ಲಿ ಬರೆದಾಗ ಬಹಳ ಮಂದಿ ನಂಬಲಿಲ್ಲ. ಆಫ್ರಿಕಾದ ಮರುಭೂಮಿಯಲ್ಲಿ ನಡೆದ ಅಧ್ಯಯನ 1967ರಲ್ಲಿ ಅದನ್ನು ದೃಢಪಡಿಸಿತು.

ಹೊಳೆಯ ದಂಡೆಯಲ್ಲೂ ಬೇಸಿಗೆಯೇ ಗೂಡಿನ ಕಾಲ. ತುಂಗಭದ್ರೆ ಸೊರಗಿ ಮರಳ ದಿಬ್ಬಗಳು ತಲೆಯೆತ್ತಿದಾಗ ನದಿ ರೀವಗಳು ಆ ಮರಳಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತವೆ. ಪಂಚತಂತ್ರದಲ್ಲಿ ಸಮುದ್ರ ಟಿಟ್ಟಿಭದ ಮೊಟ್ಟೆಗಳನ್ನು ಕೊಂಡೊಯ್ದು, ಹಕ್ಕಿಗಳೆಲ್ಲ ಸೇರಿ ಗರುಡನಲ್ಲಿ ದೂರಿಟ್ಟು ಮರಳಿ ಪಡೆದ ಕಥೆಯಿದೆ. ಕಥೆ ಕಟ್ಟಿದವರು ನೀರಂಚಿನ ಗೂಡಿನ ಅಪಾಯವನ್ನು ಕಣ್ಣಾರೆ ಬಲ್ಲವರೇ ಇರಬೇಕು. ಇಂದು ಹೊಳೆಯಂಚಿನ ಗೂಡುಗಳಿಗೆ ಏರುವ ನೀರಿನಷ್ಟೇ ಮರಳು ತುಂಬುವ ವಾಹನಗಳೂ ಅಪಾಯ ತಂದಿವೆ.

ನಿಜಾಮರ ಕಾಲದ ಪಕ್ಷಿಗಣತಿ

ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಹಕ್ಕಿಗಳನ್ನು ಮೊದಲು ಕ್ರಮಬದ್ಧವಾಗಿ ದಾಖಲಿಸಿದವರು ಸಲೀಂ ಅಲಿ. ಮುಂಬಯಿಯ ಉದ್ಯೋಗ ಕಳೆದುಕೊಂಡಿದ್ದ ಅವರು ಸಂಸ್ಥಾನಗಳ ಪಕ್ಷಿಸಮೀಕ್ಷೆಗೆ ತೊಡಗಿದಾಗ ನಿಜಾಮರ ಸರ್ಕಾರ ನೆರವು ನೀಡಿತು. 1931-32ರಲ್ಲಿ ನಡೆದ ಹೈದರಾಬಾದ್ ಸಮೀಕ್ಷೆಯ ವರದಿ 1933ರಿಂದ ಮುಂಬಯಿ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಹ್ಯೂ ವಿಸ್ಲರ್ ಅದಕ್ಕೆ ಟಿಪ್ಪಣಿ ಬರೆದರು. ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಇದಾದ ಎಷ್ಟೋ ವರ್ಷಗಳ ಮೇಲೆ, 1939-40ರಲ್ಲಿ.

ಅಂದಿನ ಸಮೀಕ್ಷೆಯಲ್ಲಿ ಬಂದೂಕು ಅನಿವಾರ್ಯ ಸಲಕರಣೆ. ಹೊಡೆದ ಹಕ್ಕಿಯ ಚರ್ಮವನ್ನು ಹದಮಾಡಿ, ಸ್ಥಳ, ದಿನಾಂಕ, ಅಳತೆ ಬರೆದಿಡಲಾಗುತ್ತಿತ್ತು. ಆದರೆ ಸಲೀಂ ಅಲಿಯವರ ಒಲವು ಸತ್ತ ಹಕ್ಕಿಗಿಂತ ಬದುಕಿರುವ ಹಕ್ಕಿಯ ಕಡೆಗಿತ್ತು. ಅದು ಯಾವಾಗ ಗೂಡು ಕಟ್ಟುತ್ತದೆ, ಏನು ತಿನ್ನುತ್ತದೆ, ಯಾವ ನೆಲವನ್ನು ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗಳಿಗೆ ಅವರು ಮಹತ್ವ ಕೊಟ್ಟರು. ಇಂದು ಬೈನಾಕ್ಯುಲರ್ ಹಿಡಿದು ಹೋಗುವ ಹವ್ಯಾಸಿಗಳೆಲ್ಲ ಕೇಳುವುದು ಇವೇ ಪ್ರಶ್ನೆಗಳನ್ನು. ಆ ಸಮೀಕ್ಷೆಗೆ ಇನ್ನೊಂದು ಬೆಲೆಯೂ ಇದೆ. ತುಂಗಭದ್ರೆಯ ನೀರು ಹೊಲಕ್ಕೆ ಹರಿಯುವ ಇಪ್ಪತ್ತು ವರ್ಷ ಮೊದಲು ಈ ಒಣನಾಡಿನ ಸಂಸ್ಥಾನದಲ್ಲಿ ಹಕ್ಕಿಗಳ ಸ್ಥಿತಿ ಹೇಗಿತ್ತೆಂಬುದಕ್ಕೆ ಅದೊಂದು ದಾಖಲೆ.

ಕಾಲುವೆ ತಂದ ಬದಲಾವಣೆ

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಯಿತು. ಒಂದು ದಡದಲ್ಲಿ ಹೈದರಾಬಾದ್ ಸಂಸ್ಥಾನ, ಇನ್ನೊಂದು ದಡದಲ್ಲಿ ಮದ್ರಾಸ್ ಪ್ರಾಂತ. 1953ರಲ್ಲಿ ಕಾಲುವೆಗಳಿಗೆ ನೀರು ಬಂತು. ಮುನಿರಾಬಾದ್ ಬಳಿ ಹೊರಡುವ 227 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆ ಸಿಂಧನೂರಿನ ಹಣೆಬರಹವನ್ನೇ ಬದಲಿಸಿತು. ಜೋಳ, ಹತ್ತಿಯಂಥ ಬೆಳೆಗಳಿಗೆ ಹಗುರವಾಗಿ ನೀರು ಹಂಚಿ ಬರವನ್ನು ತಡೆಯುವುದು ಯೋಜನೆಯ ಮೂಲ ಉದ್ದೇಶವಾಗಿತ್ತು. ಆದರೆ ನಡೆದದ್ದೇ ಬೇರೆ. ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಭತ್ತ ಬೆಳೆದರು. ಸ್ಥಳೀಯರೂ ಅದೇ ಹಾದಿ ಹಿಡಿದರು. ಸಿಂಧನೂರಿನ ಸುತ್ತ ಇಂದಿಗೂ ‘ಕ್ಯಾಂಪ್’ ಎಂದು ಕೊನೆಗೊಳ್ಳುವ ಊರ ಹೆಸರುಗಳು ಆ ವಲಸೆಯನ್ನು ನೆನಪಿಸುತ್ತವೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಂತೆ ಕೊನೆಯ ಭಾಗದ ರೈತರಿಗೆ ನೀರು ತಲುಪದ ತಕರಾರು ಹುಟ್ಟಿ, ಇನ್ನೂ ಮುಗಿದಿಲ್ಲ.

ಹಕ್ಕಿಗಳ ಲೋಕದಲ್ಲಿ ಇದರ ಪರಿಣಾಮ ಒಂದೇ ಬಗೆಯದಲ್ಲ. ಬೆಳ್ಳಕ್ಕಿ, ಕೆಂಬರಲು, ಮೆಟ್ಟುಗಾಲು ಹಕ್ಕಿಗಳಂಥ ನೀರುಪ್ರಿಯರಿಗೆ ಗದ್ದೆ, ಬಸಿಗಾಲುವೆಗಳು ಹೊಸ ನೆಲೆಯಾದವು. ಕಾಲುವೆಯ ಮಣ್ಣಿನ ಏರಿ ಕಳ್ಳಿಪೀರಗಳಿಗೆ ಒದಗಿತು. ಫೆಬ್ರುವರಿಯಿಂದಲೇ ಈ ಹಸಿರು ಹಕ್ಕಿಗಳು ಏರಿಯಲ್ಲಿ ಬಿಲ ಕೊರೆದು ಸಂಸಾರ ಹೂಡುತ್ತವೆ. ನೀರಿನಂಚನ್ನು ಇಷ್ಟಪಡುವ ಕೆಂಪು ಟಿಟ್ಟಿಭವೂ ಹೊಂದಿಕೊಂಡಿತು. ಒಣನೆಲವನ್ನೇ ನಂಬಿದ ಹಳದಿ ಟಿಟ್ಟಿಭ, ಕಲ್ಲುಗೌಜಲ, ನೆಲಗುಬ್ಬಿಗಳಿಗೆ ಮಾತ್ರ ಗದ್ದೆಯಲ್ಲಿ ಜಾಗವಿಲ್ಲ. ಎರಡು ಬೆಳೆ ತೆಗೆಯುವ ಭೂಮಿಯಲ್ಲಿ ಆ ಖಾಲಿ ತಿಂಗಳುಗಳೇ ಮಾಯವಾದವು. ಇವುಗಳನ್ನು ನೋಡಬೇಕಾದರೆ ಮಸ್ಕಿ, ಲಿಂಗಸುಗೂರಿನ ಒಣಹೊಲಗಳಿಗೂ ಬೆಟ್ಟದ ತಪ್ಪಲಿಗೂ ಹೋಗಬೇಕು. ಅಲ್ಲಿಯೂ ನಾರಾಯಣಪುರ ಬಲದಂಡೆ ಕಾಲುವೆ ಒಂದಷ್ಟು ನೆಲವನ್ನು ಹಸಿರಾಗಿಸಿದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಎರೆಭೂತದ್ದು. ದೊರವಾಯನ ಹಕ್ಕಿಯೆಂದೂ ಹೆಸರಾದ ಈ ಭಾರಿ ಹಕ್ಕಿ ಎರೆ ಬಯಲಿನ ಒಡೆಯನಂತಿತ್ತು. ಸಾಮಾನ್ಯವಾಗಿ ಅದು ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಒಂದು ಗೂಡು ಕೆಟ್ಟರೆ ಆ ವರ್ಷದ ಸಂತಾನವೇ ಹೋದಂತೆ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿತು. ಆದರೆ ಬಯಲನ್ನು ಉಳಿಸುವುದು ಬೇಟೆ ತಡೆದಷ್ಟು ಸುಲಭವಾಗಲಿಲ್ಲ. 2011ರಲ್ಲಿ ಅದು ವಿನಾಶದ ಅಂಚಿನ ಪಕ್ಷಿಗಳ ಪಟ್ಟಿ ಸೇರಿತು. ಕರ್ನಾಟಕದಲ್ಲಿ ಬೆರಳೆಣಿಕೆಯ ಎರೆಭೂತಗಳು ಕಾಣಿಸಿಕೊಂಡಿರುವುದು ಸಿಂಧನೂರಿನಿಂದ ಹೊಳೆಯಾಚೆಗಿರುವ ಸಿರುಗುಪ್ಪದ ಎರೆ ಹೊಲಗಳಲ್ಲಿ.

ಹೊಟ್ಟಿನ ಬೆಂಕಿ ಮತ್ತು ಅಶೋಕ

ಗದ್ದೆಗೆ ಹೊಂದಿಕೊಂಡ ಹಕ್ಕಿಗಳಿಗೂ ಈಗೊಂದು ಹೊಸ ಕಂಟಕವಿದೆ. ಎರಡನೆಯ ಬೆಳೆ ಕೊಯ್ಲಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಅಂದರೆ ಗೂಡಿನ ಕಾಲದಲ್ಲೇ. ಯಂತ್ರ ಕೊಯ್ದ ಗದ್ದೆಯಲ್ಲಿ ಉಳಿಯುವ ಹುಲ್ಲು ಮತ್ತು ಕೂಳೆಯನ್ನು ಬಳಿದು ಸಾಗಿಸುವ ಖರ್ಚು ತಪ್ಪಿಸಲು ಹಲವೆಡೆ ಬೆಂಕಿ ಹಚ್ಚುತ್ತಾರೆ. ಬೆಂಕಿ ಬದುವಿಗೂ ಹಬ್ಬುತ್ತದೆ. ಬದುವಿನ ಹುಲ್ಲಿನಲ್ಲಿ ಅಡಗಿದ ಗೌಜುಗದ ಗೂಡು, ಕೂಳೆಯ ನಡುವಿನ ಟಿಟ್ಟಿಭದ ಮೊಟ್ಟೆ ಕ್ಷಣದಲ್ಲಿ ಬೂದಿಯಾಗುತ್ತವೆ. ಹಾರಬಲ್ಲ ಹಕ್ಕಿ ತಪ್ಪಿಸಿಕೊಳ್ಳುತ್ತದೆ, ಮೊಟ್ಟೆ ತಪ್ಪಿಸಿಕೊಳ್ಳಲಾರದು.

ಈ ವಿಷಯದಲ್ಲಿ ಮಸ್ಕಿಯ ಹೆಸರಿನೊಡನೆ ಬೆಸೆದ ಅರಸನೊಬ್ಬನನ್ನು ನೆನೆಯುವುದು ಉಚಿತ. ನಿಜಾಮರ ಸರ್ಕಾರದಲ್ಲಿ ಚಿನ್ನದ ಗಣಿಯ ಎಂಜಿನಿಯರಾಗಿದ್ದ ಬೀಡನ್, 1915ರಲ್ಲಿ ಮಸ್ಕಿಯ ಬೆಟ್ಟದ ಬಂಡೆಯೊಂದರಲ್ಲಿ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದಾಗ ಇತಿಹಾಸಜ್ಞರ ದೊಡ್ಡ ಸಂಶಯವೊಂದು ನೀಗಿತು. ಅಲ್ಲಿಯವರೆಗೆ ದೊರೆತ ಧರ್ಮಶಾಸನಗಳಲ್ಲಿ ಅರಸನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದಷ್ಟೇ ಕರೆಯಲಾಗಿತ್ತು. ಮಸ್ಕಿಯ ಬಂಡೆ ಅಶೋಕ ಎಂಬ ಹೆಸರನ್ನೇ ನುಡಿಯಿತು.

ಮಸ್ಕಿಯ ಶಾಸನದಲ್ಲಿ ಹಕ್ಕಿಗಳ ಪ್ರಸ್ತಾಪವಿಲ್ಲ. ಅದು ಅರಸ ಧರ್ಮದಲ್ಲಿ ತೋರಿದ ಶ್ರದ್ಧೆಯನ್ನೂ ಸಾಮಾನ್ಯನೂ ಉನ್ನತಿ ಸಾಧಿಸಬಲ್ಲನೆಂಬುದನ್ನೂ ಹೇಳುತ್ತದೆ. ಹಕ್ಕಿಗಳ ಮಾತು ಬರುವುದು ಅವನ ಬೇರೆ ಶಾಸನಗಳಲ್ಲಿ. ಅರಮನೆಯ ಅಡುಗೆಗೆ ನವಿಲು ಕೊಲ್ಲುವುದನ್ನು ಕ್ರಮೇಣ ನಿಲ್ಲಿಸುವುದಾಗಿ ಅವನು ಬರೆಸಿದ ಶಾಸನ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳಲ್ಲೂ ಇದೆ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಉತ್ತರ ಭಾರತದ ಕಂಬಗಳ ಮೇಲೆ ಕೊರೆಸಿದ ಐದನೆಯ ಸ್ತಂಭಶಾಸನ ಇನ್ನೂ ವಿವರವಾದದ್ದು. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಪಾರಿವಾಳ ಮೊದಲಾದವನ್ನು ಕೊಲ್ಲಬಾರದೆಂದು ಅದು ಪಟ್ಟಿ ಮಾಡುತ್ತದೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ ಅಥವಾ ಪ್ರಾಣಿಗಳ ನಾಶಕ್ಕಾಗಿ ಕಾಡಿಗೆ ಬೆಂಕಿ ಇಡಬಾರದು ಎಂದೂ ವಿಧಿಸುತ್ತದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೊಯ್ಲಿನ ಬೆಂಕಿಯಲ್ಲಿ ಸಾಯುವ ಸಣ್ಣ ಜೀವಗಳ ಲೆಕ್ಕ ಅರಸನೊಬ್ಬನಿಗೆ ತಟ್ಟಿತ್ತು.

ರಾಜಾಜ್ಞೆಯಿಂದ ಆ ಬೆಂಕಿ ಎಷ್ಟರಮಟ್ಟಿಗೆ ನಿಂತಿತೆಂದು ಯಾವ ಬಂಡೆಯೂ ಹೇಳುವುದಿಲ್ಲ. ಆದರೆ ಜನ ಮನಸ್ಸು ಮಾಡಿದರೆ ಹಕ್ಕಿ ಉಳಿಯುತ್ತದೆಂಬುದಕ್ಕೆ ಹತ್ತಿರದಲ್ಲೇ ನಿದರ್ಶನವಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಬೆಳೆದ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಸಂಸಾರ ಹೂಡಿದಾಗ ಊರವರು ಅವನ್ನು ಕಾಯ್ದುಕೊಂಡರು. 2017ರಲ್ಲಿ ಅದು ಪಕ್ಷಿ ಸಂರಕ್ಷಿತ ಪ್ರದೇಶವಾಯಿತು; 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿ ಸೇರಿತು.

ಮರದ ಗೂಡು ಎದ್ದು ಕಾಣುತ್ತದೆ, ಅದಕ್ಕೆ ಕಾವಲುಗಾರರು ಸಿಗುತ್ತಾರೆ. ನೆಲದ ಗೂಡಿಗೆ ಆ ಭಾಗ್ಯವಿಲ್ಲ. ಅದಕ್ಕೆ ಬೇಕಾದದ್ದು ಅಭಯಾರಣ್ಯವೂ ಅಲ್ಲ. ಒಂದು ತಿಂಗಳ ಮಟ್ಟಿಗೆ ಸುಡದೆ ಬಿಟ್ಟ ಬದು, ಟಿಟ್ಟಿಭ ಕೂಗಿ ಎಚ್ಚರಿಸಿದಲ್ಲಿ ಸ್ವಲ್ಪ ಬಳಸಿ ಸಾಗುವ ಟ್ರ್ಯಾಕ್ಟರು, ಬೆಂಕಿಗೆ ಬದಲಾಗಿ ಬಣವೆ ಸೇರುವ ಹುಲ್ಲು, ಇಷ್ಟೇ ಸಾಕು. ಎಡೆದೊರೆಯ ಹಕ್ಕಿಗಳಿಗೆ ಹಿಂದೆ ಬೇಸಿಗೆಯ ಆ ಬಿಡುವನ್ನು ನೀರಿಲ್ಲದ ನೆಲವೇ ಕೊಡುತ್ತಿತ್ತು. ಕಾಲುವೆ ಬಂದ ಮೇಲೆ ಅದನ್ನು ಕೊಡಬೇಕಾದವನು ಹೊಲದ ಒಡೆಯ.