ಹಚ್ಚೆ ಹೊಯ್ದವರ ಹಣೆಬರಹ

ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಉಳ್ಳಾರ್ತಿ ಕಾವಲಿನ ಆಸುಪಾಸಿನ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರ ಹಣೆ, ಗಲ್ಲ, ಮುಂಗೈಗಳ ಮೇಲೆ ಹಸಿರು ಚುಕ್ಕೆಗಳು ಕಾಣಸಿಗುತ್ತವೆ. ಚಿನ್ನವನ್ನು ಕಳ್ಳ ಕದಿಯಬಹುದು, ಸಾವು ಬಂದಾಗ ಮನೆಯವರು ಬಿಚ್ಚಿಟ್ಟುಕೊಳ್ಳಬಹುದು. ಹಚ್ಚೆ ಮಾತ್ರ ಜೀವದ ಜತೆಗೇ ಹೋಗುತ್ತದೆ ಎಂಬುದು ಬಯಲುಸೀಮೆಯ ಹಳೆಯ ನಂಬಿಕೆ. ಬಡವಿಯ ಪಾಲಿಗೆ ಅದೇ ಒಡವೆ.

ಈ ಒಡವೆ ತೊಡಿಸುತ್ತಿದ್ದವರು ಊರಿಂದೂರಿಗೆ ಅಲೆಯುತ್ತಿದ್ದ ಕೊರವಂಜಿಯರು ಮತ್ತು ಕಿಳ್ಳೇಕ್ಯಾತ ಹೆಂಗಸರು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ಸೂಜಿಗಳ ಕಟ್ಟಿನಿಂದ ಚುಚ್ಚಿ, ಮೇಲೆ ಅರಿಶಿನ ಸವರುವುದು ಕ್ರಮ. ಹುಡುಗಿ ನೋವು ಮರೆಯಲೆಂದು ಹಾಡು ಹೇಳುತ್ತಿದ್ದರು. ಕೂಲಿಯಾಗಿ ಕಾಳುಕಡಿ, ಹಳೆಯ ಸೀರೆ ಸಿಗುತ್ತಿತ್ತು. ಕಪ್ಪು ಕಾಡಿಗೆ ಚರ್ಮದ ಒಳಪದರದಲ್ಲಿ ಉಳಿದು, ಹೊರಗೆ ಹಸಿರಾಗಿ ಕಾಣುತ್ತದೆ. ಚೇಳು, ಕಮಲ, ತುಳಸಿಕಟ್ಟೆ, ತೊಟ್ಟಿಲುಗಳೆಲ್ಲ ಮೈಮೇಲೆ ಮೂಡಿದ್ದು ಹೀಗೆ.

ಆದರೆ ಅಳಿಸಲಾಗದ ಗುರುತು ಅರಸರಿಗೂ ಉಪಯೋಗಕ್ಕೆ ಬಂದಿದೆ. ಜಪಾನಿನಲ್ಲಿ 1720ರಿಂದ ಕಳ್ಳರ ತೋಳು ಅಥವಾ ಹಣೆಗೆ ಹಚ್ಚೆ ಚುಚ್ಚುವ ಶಿಕ್ಷೆ ಜಾರಿಯಲ್ಲಿತ್ತು. ಅದೇ ನಾಡಿನಲ್ಲಿ 1827ರ ಸುಮಾರಿಗೆ ಕುನಿಯೋಶಿ ಎಂಬ ಕಲಾವಿದ ಮೈತುಂಬ ಹಚ್ಚೆಯುಳ್ಳ ವೀರರ ಚಿತ್ರಗಳನ್ನು ಅಚ್ಚು ಹಾಕಿದಾಗ, ಕೂಲಿಕಾರರೂ ಬೆಂಕಿ ಆರಿಸುವವರೂ ಅಂಥದೇ ಚಿತ್ರಗಳಿಗೆ ಮೈಯೊಡ್ಡಿದರು. 1872ರಲ್ಲಿ ಸರಕಾರ ಹಚ್ಚೆಯನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1948ರಲ್ಲಿ. ಇಂದಿಗೂ ಅಲ್ಲಿನ ಅನೇಕ ಸಾರ್ವಜನಿಕ ಸ್ನಾನಗೃಹಗಳು ಹಚ್ಚೆಯವರನ್ನು ಒಳಗೆ ಬಿಡುವುದಿಲ್ಲ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 1797ರಲ್ಲಿ ಕಂಪನಿ ಸರಕಾರ ಬಂಗಾಳದಲ್ಲಿ ಜೀವಾವಧಿ ಕೈದಿಗಳ ಹಣೆಗೆ ಅಪರಾಧದ ಹೆಸರನ್ನೇ ಹಚ್ಚೆಯಾಗಿ ಚುಚ್ಚಿಸತೊಡಗಿತು. ಈ ಶಿಕ್ಷೆ 1849ರಲ್ಲಿ ರದ್ದಾಯಿತು. ನಮ್ಮ ಹೆಣ್ಣುಮಕ್ಕಳು ಲಕ್ಷಣವೆಂದು ಬಯಸಿದ ಹಣೆಯ ಜಾಗದಲ್ಲೇ ಸರಕಾರ ಕಳಂಕವನ್ನು ಬರೆಸಿತ್ತು.

ಮುಂದೆ ಸೂಜಿ ಬೇಕಾಗಲಿಲ್ಲ, ಕಾಗದವೇ ಸಾಕಾಯಿತು. ಮೊಳಕಾಲ್ಮೂರಿನ ಗಡಿಯಾಚೆ ಆಗಿನ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಲ್ಲಿ ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಸಾಗಿಸಿ ಮಾರುತ್ತಿದ್ದ ಕೊರಚರ ವ್ಯಾಪಾರವನ್ನು ರೈಲು ಕಿತ್ತುಕೊಂಡಿತು. ಕಸುಬಿಲ್ಲದೆ ಅಲೆಯುವವರು ಪೊಲೀಸರ ಕಣ್ಣಿಗೆ ಸಂಶಯಾಸ್ಪದರಾದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸಿಗೂ ವಿಸ್ತರಿಸಿದ ಮೇಲೆ ಕೊರಚ, ಕೊರವರ ಅನೇಕ ಗುಂಪುಗಳು ಹುಟ್ಟಿನಿಂದಲೇ ಅಪರಾಧಿಗಳೆಂಬ ಪಟ್ಟಿಗೆ ಸೇರಿದವು. ಪಟ್ಟಿಯಲ್ಲಿದ್ದವರು ಠಾಣೆಗೆ ಹಾಜರಿ ಹೇಳಬೇಕು, ಬೆರಳಚ್ಚು ಕೊಡಬೇಕು. ಊರಿನ ಹೆಣ್ಣುಮಕ್ಕಳಿಗೆ ಶುಭದ ಗುರುತು ಹಾಕುತ್ತಿದ್ದವರ ಕುಲಕ್ಕೇ ಸರಕಾರ ಕಳ್ಳತನದ ಗುರುತು ಹಾಕಿತು.

ಸ್ವಾತಂತ್ರ್ಯಾನಂತರ 1952ರಲ್ಲಿ ಈ ಕಾಯ್ದೆ ರದ್ದಾಯಿತು. 'ಅಪರಾಧಿ' ಎನಿಸಿಕೊಂಡಿದ್ದವರು ಕಾಗದದ ಮೇಲೆ 'ವಿಮುಕ್ತ'ರಾದರು. ಕರ್ನಾಟಕದಲ್ಲಿ ಕೊರಚ, ಕೊರಮರು ಇಂದು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ನಗರಗಳ ಯುವಜನ ಈಗ ಸಾವಿರಾರು ರೂಪಾಯಿ ತೆತ್ತು ವಿದ್ಯುತ್ ಸೂಜಿಯಿಂದ ಟ್ಯಾಟೂ ಹಾಕಿಸಿಕೊಳ್ಳುತ್ತಾರೆ; ಬೇಡವಾದರೆ ಲೇಸರ್ ಕಿರಣದಿಂದ ಮಸುಕಾಗಿಸಲೂ ಬಹುದು. ಒಂದು ಕುಲದ ಮೇಲೆ ಕಾನೂನು ಹೊಯ್ದ ಹಚ್ಚೆಯನ್ನು ಅಳಿಸುವ ಯಂತ್ರ ಮಾತ್ರ ಇನ್ನೂ ಬಂದಿಲ್ಲ. ಅದನ್ನು ಅಳಿಸಬೇಕಾದದ್ದು ನೋಡುವವರ ಕಣ್ಣು.