ಜೆರ್ರಿ ಬ್ರೌನ್

ಎಡ್ಮಂಡ್ ಜೆರಾಲ್ಡ್ "ಜೆರ್ರಿ" ಬ್ರೌನ್ ಜೂನಿಯರ್ (ಜನನ: ಏಪ್ರಿಲ್ 7, 1938, ಸ್ಯಾನ್ ಫ್ರಾನ್ಸಿಸ್ಕೊ) ಅಮೆರಿಕದ ಡೆಮಾಕ್ರಟಿಕ್ ಪಕ್ಷದ ರಾಜಕಾರಣಿ. ಇವರು 1975–1983 ಮತ್ತು 2011–2019ರ ಅವಧಿಗಳಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಆಗಿದ್ದರು. ಇವರ ತಂದೆ ಪ್ಯಾಟ್ ಬ್ರೌನ್ 1959ರಿಂದ 1967ರವರೆಗೆ ಅದೇ ಹುದ್ದೆಯಲ್ಲಿದ್ದು, ಕಾಲುವೆ, ಹೆದ್ದಾರಿ ಹಾಗೂ ವಿಶ್ವವಿದ್ಯಾಲಯಗಳ ನಿರ್ಮಾಣಕ್ಕೆ ಹೆಸರಾಗಿದ್ದರು. ಸೋದರಿ ಕ್ಯಾಥ್ಲೀನ್ ಬ್ರೌನ್ ರಾಜ್ಯದ ಖಜಾಂಚಿಯಾಗಿದ್ದರು.

ಪಾದ್ರಿಯಾಗಲು ಜೆಸ್ಯೂಟ್ ಸಂಸ್ಥೆಯನ್ನು ಸೇರಿದ್ದ ಬ್ರೌನ್, ಅದನ್ನು ತೊರೆದು ಬರ್ಕ್ಲಿಯಲ್ಲಿ ಪದವಿಯನ್ನೂ ಯೇಲ್‌ನಲ್ಲಿ ಕಾನೂನು ಪದವಿಯನ್ನೂ ಪಡೆದರು. 36ನೆಯ ವಯಸ್ಸಿನಲ್ಲಿ ಗವರ್ನರ್ ಆದಾಗ ಅಧಿಕೃತ ನಿವಾಸವನ್ನು ನಿರಾಕರಿಸಿ, ಬಾಡಿಗೆ ಮನೆಯಲ್ಲಿ ವಾಸಿಸಿದರು. ಆಸ್ತಿ ತೆರಿಗೆಗೆ ಮಿತಿ ಹೇರುವ 13ನೆಯ ಪ್ರಸ್ತಾವವನ್ನು ಅವರು ವಿರೋಧಿಸಿದ್ದರೂ, 1978ರಲ್ಲಿ ಮತದಾರರು ಅದನ್ನು ಅಂಗೀಕರಿಸಿದ ಬಳಿಕ ತಾವೇ ಜಾರಿಗೊಳಿಸಿದರು. 1976, 1980 ಮತ್ತು 1992ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಯತ್ನಿಸಿ ವಿಫಲರಾದರು. 1982ರ ಸೆನೆಟ್ ಚುನಾವಣೆಯಲ್ಲಿಯೂ ಸೋತರು.

ಅನಂತರ ಓಕ್ಲೆಂಡ್ ನಗರದ ಮೇಯರ್ (1999–2007) ಹಾಗೂ ರಾಜ್ಯದ ಅಟಾರ್ನಿ ಜನರಲ್ (2007–2011) ಆಗಿ ಸೇವೆ ಸಲ್ಲಿಸಿ, ಮತ್ತೆ ಗವರ್ನರ್ ಆದರು. ಆಗ ರಾಜ್ಯವು ತೀವ್ರ ಆಯವ್ಯಯ ಕೊರತೆಯಲ್ಲಿತ್ತು. ಬ್ರೌನ್ ವೆಚ್ಚವನ್ನು ಕಡಿತಗೊಳಿಸಿದರಲ್ಲದೆ, 2012ರಲ್ಲಿ ತಾತ್ಕಾಲಿಕ ತೆರಿಗೆ ಏರಿಕೆಗೆ ಮತದಾರರ ಒಪ್ಪಿಗೆಯನ್ನೇ ಕೇಳಿ ಪಡೆದರು. 2045ರೊಳಗೆ ಸಂಪೂರ್ಣ ಇಂಗಾಲಮುಕ್ತ ವಿದ್ಯುತ್ತಿನ ಗುರಿ ನಿಗದಿಪಡಿಸುವ ಕಾಯಿದೆಗೆ 2018ರಲ್ಲಿ ಸಹಿ ಹಾಕಿದರು. 2019ರ ಜನವರಿಯಲ್ಲಿ, 80ನೆಯ ವಯಸ್ಸಿನಲ್ಲಿ, ಅಧಿಕಾರದಿಂದ ನಿರ್ಗಮಿಸಿದರು.